ಬ್ಯಾಂಡ್ ದುರಗಪ್ಪನ ಗೋಡೆ

ನಮ್ಮ ಊರಿನಲ್ಲಿ ಅಂಗಡಿಗಳ ಗೋಡೆ ಮೇಲೆ ಅಕ್ಷರಗಳು ಮೂಡುತ್ತವೆ. ಯಾವ ಅಂಗಡಿಯ ಅಥವಾ ಅಂಗಡಿಯವರ ಬಗ್ಗೆ ಯಾರು ಏನು ಆಡಿದರೂ, ಅದು ಅಡುಗೆಮನೆಯಲ್ಲಿ ಗೊಣಗಿದ್ದಾಗಲಿ, ಬಸ್ಸಿನಲ್ಲಿ ಕೂಗಿದ್ದಾಗಲಿ, ಮರುದಿನ ಬೆಳಿಗ್ಗೆ ಆ ಅಂಗಡಿಯ ಹೊರಗೋಡೆಯ ಮೇಲೆ ಇರುತ್ತದೆ. ಆಡಿದವರ ಹೆಸರು ಇರುವುದಿಲ್ಲ. ಒಬ್ಬರು ಆಡಿದ ಮಾತು ಇರುವೆಯ ಸಾಲಿನಷ್ಟು ಸಣ್ಣಗೆ ಮೂಡುತ್ತದೆ. ಹತ್ತು ಜನ ಆಡಿದರೆ ಬೆರಳಿನಷ್ಟಾಗುತ್ತದೆ, ನೂರು ಜನ ಆಡಿದರೆ ಅಂಗೈಯಷ್ಟು. ಯಾರೂ ಆಡದೆ ಬಿಟ್ಟರೆ ಕೆಲವು ದಿನಗಳಲ್ಲಿ ತಾನಾಗಿ ಮಾಸುತ್ತದೆ. ಸುಣ್ಣ ಬಳಿದರೆ ಸುಣ್ಣದ ಮೇಲೆ ಬರುತ್ತದೆ, ಅದೂ ಮೊದಲಿಗಿಂತ ಸ್ಪಷ್ಟವಾಗಿ.

ಮೊದಲ ವರ್ಷ ಜನ ಇದನ್ನು ದೈವಲೀಲೆ ಎಂದರು. ಎರಡನೆಯ ವರ್ಷ ವ್ಯಾಪಾರ ಎಂದರು. ಗಿರಾಕಿಗಳ ಮುಖವನ್ನೇ ನೋಡದ ಕಿರಾಣಿ ಅಂಗಡಿಯವರು ಬಾಗಿಲಿಗೆ ಬಂದವರಿಗೆಲ್ಲ ಮಜ್ಜಿಗೆ ಕೊಡತೊಡಗಿದರು. ಕ್ಷೌರದಂಗಡಿಯವನು ಗಿರಾಕಿಯ ಗಂಟಲಿನ ಮೇಲೆ ಕತ್ತಿ ಇಟ್ಟುಕೊಂಡೇ "ನಮ್ಮ ಕೆಲಸ ಹೆಂಗೈತ್ರಿ?" ಎಂದು ಕೇಳುತ್ತಿದ್ದ. ಅವನ ಗೋಡೆಯ ಮೇಲೆ ಇಂದಿಗೂ ಒಂದು ಕೆಟ್ಟ ಮಾತಿಲ್ಲ. ಹೋಟೆಲಿನಲ್ಲಿ ಎರಡನೆಯ ಸಲ ಚಟ್ನಿ ಬೇಕಾದವರು "ಗೋಡಿ ನೆನಪಿರಲಿ" ಎಂದರೆ ಸಾಕು, ಬಟ್ಟಲು ತುಂಬಿ ಬರುತ್ತಿತ್ತು.

ನಾನು ಈ ಊರಿನ ಒಂದೇ ದಿನಪತ್ರಿಕೆ 'ಉದಯಸಾಕ್ಷಿ'ಯ ವರದಿಗಾರ್ತಿ. ಹೆಸರು ಇಂದುಮತಿ. ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದೇನೆ. ಗೋಡೆಗಳು ಬರೆಯತೊಡಗುವ ಮೊದಲು ಊರಿನಲ್ಲಿ ಯಾರಿಗೆ ಏನು ದೂರು ಇದ್ದರೂ ನಮ್ಮ ಹತ್ತಿರ ಬರಬೇಕಿತ್ತು. ನಮ್ಮ ಸಂಪಾದಕರಾದ ವಿರುಪಾಕ್ಷಪ್ಪನವರು ಆ ಕಾಗದ ಓದಿ, ಎರಡೂ ಕಡೆಯವರನ್ನು ವಿಚಾರಿಸಿ, ಅರ್ಧ ಕತ್ತರಿಸಿ, ಹದಿನೈದು ದಿನದ ನಂತರ ಆರನೆಯ ಪುಟದಲ್ಲಿ ಹಾಕುತ್ತಿದ್ದರು. ಅಷ್ಟರಲ್ಲಿ ದೂರು ಕೊಟ್ಟವರೇ ಮರೆತಿರುತ್ತಿದ್ದರು. ಊರು ಶಾಂತವಾಗಿತ್ತು.

ಗೋಡೆಗಳಿಗೆ ಸಂಪಾದಕರಿಲ್ಲ. ಜಾಹೀರಾತು ಮೊದಲು ನಿಂತಿತು. ನಮ್ಮ ಜಾಹೀರಾತು ತರುತ್ತಿದ್ದ ರಮಾಕಾಂತ ಒಂದು ದಿನ ರಾಜೀನಾಮೆ ಕೊಟ್ಟು 'ಮಾತಿನ ಮನೆ' ಎಂಬ ಕಚೇರಿ ತೆರೆದ. ಅಲ್ಲಿ ಹದಿನೈದು ಜನ ನಿವೃತ್ತರು ಬೆಂಚಿನ ಮೇಲೆ ಕುಳಿತು, ಹತ್ತರಿಂದ ಐದರವರೆಗೆ, ಕೊಟ್ಟ ಅಂಗಡಿಯನ್ನು ಕೊಟ್ಟ ಶಬ್ದಗಳಲ್ಲಿ ಹೊಗಳುತ್ತಿದ್ದರು. ಅವರಲ್ಲಿ ಒಬ್ಬರು ಕನ್ನಡ ಮಾಸ್ತರರು ಇದ್ದುದರಿಂದ ಹೊಗಳಿಕೆಯಲ್ಲಿ ವ್ಯಾಕರಣದೋಷ ಇರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಕೇಳದ ಮಾತಿಗೆ ಸಂಬಳ ಬರುತ್ತಿದೆ ಎಂದು ಅವರೆಲ್ಲ ಸಂತೋಷವಾಗಿದ್ದರು.

ನಮ್ಮ ಪತ್ರಿಕೆ ಎಂಟು ಪುಟದಿಂದ ನಾಲ್ಕಕ್ಕೆ ಇಳಿಯಿತು. ಆಗ ವಿರುಪಾಕ್ಷಪ್ಪನವರಿಗೆ ಜ್ಞಾನೋದಯವಾಯಿತು. 'ಇಂದಿನ ಗೋಡೆ' ಎಂಬ ಅಂಕಣ ಶುರುವಾಯಿತು. ನಾನು ಬೆಳಿಗ್ಗೆ ಆರಕ್ಕೆ ಎದ್ದು, ಪೇಟೆ ಸುತ್ತಿ, ಗೋಡೆಗಳ ಮೇಲಿನದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರಬೇಕು. ಅದನ್ನು ಮೊದಲ ಪುಟದಲ್ಲಿ ಹಾಕುವುದು.

"ಎರಡೂ ಕಡೆ ವಿಚಾರಿಸೂದು ಬ್ಯಾಡೇನ್ರಿ?" ಎಂದು ನಾನು ಕೇಳಿದ್ದೆ.

"ನಾವೇನು ಹೇಳಾಕತ್ತೀವೇನು? ಗೋಡಿ ಹೇಳತೈತಿ. ನಾವು ಗೋಡಿ ಏನ್ ಹೇಳತೈತಿ ಅಂತ ಹೇಳತೀವಿ. ನಮ್ಮ ಮ್ಯಾಲ ಏನ ಬರತೈತಿ?" ಎಂದರು.

ಏನೂ ಬರಲಿಲ್ಲ. ಪತ್ರಿಕೆ ಮತ್ತೆ ಮಾರಾಟವಾಗತೊಡಗಿತು. ಬೆಳಿಗ್ಗೆ ತಮ್ಮ ಕಣ್ಣಿನಿಂದಲೇ ಗೋಡೆ ಓದಿದವರು, ಅದನ್ನೇ ಅಚ್ಚಿನಲ್ಲಿ ಓದಿ ಹೌದಲ್ಲ ಎಂದು ಸಮಾಧಾನಪಡುತ್ತಿದ್ದರು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದುರಗಪ್ಪನ ಬ್ಯಾಂಡ್ ಕಂಪನಿ ಇತ್ತು. ಒಂದೇ ಕೋಣೆ. ಗೂಟಗಳಿಗೆ ತೂಗುಹಾಕಿದ ಕಹಳೆ, ಡೋಲು, ಜರಿಪಟ್ಟಿಯ ಕೆಂಪು ಕೋಟುಗಳು. ಅವನೂ ಸೇರಿ ಹನ್ನೊಂದು ಜನ. ದುರಗಪ್ಪ ಕ್ಲಾರಿಯೋನೆಟ್ ಊದುತ್ತಿದ್ದ. ಮೂವತ್ತೊಂದು ವರ್ಷದಿಂದ ಊರಿನ ಮದುವೆಯ ಮೆರವಣಿಗೆಗಳೆಲ್ಲ ಅವನ ಹಿಂದೆಯೇ ನಡೆದಿದ್ದವು. ಅವನ ಗೋಡೆಯ ಮೇಲೆ ಮೊದಲಿನಿಂದಲೂ ಒಂದೇ ಸಾಲು ಇತ್ತು: 'ಇವ ಊದಿದರ ಹೆಣ್ಣಿನ ತಾಯಿ ಅಳತಾಳ.' ಅದನ್ನು ಹೊಗಳಿಕೆ ಎಂದೇ ಎಲ್ಲರೂ ತಿಳಿದಿದ್ದರು.

ಬಟ್ಟೆ ಅಂಗಡಿಯ ಮಹಾಂತಪ್ಪನವರ ಹಿರಿಯ ಮಗಳು ಸುವರ್ಣಾಳ ಮದುವೆಗೂ ಬಾರಿಸಿದ್ದು ಅವನೇ. ಮೂರು ದಿನದ ಮದುವೆ, ಊರಿಗೆಲ್ಲ ಊಟ. ಅದಾಗಿ ವಾರ ತುಂಬುವ ಮೊದಲೇ ಸುವರ್ಣಾ ಟ್ರಂಕಿನ ಸಮೇತ ತವರಿಗೆ ವಾಪಸು ಬಂದಳು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ದುರಗಪ್ಪನ ಗೋಡೆಯ ಮೂಲೆಯಲ್ಲಿ ಇರುವೆಯ ಸಾಲಿನಂಥ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. 'ಇವ ಬಾರಿಸಿದ ಮದುವಿ ನಿಲ್ಲೂದಿಲ್ಲ.'

ಆ ದಿನ ಬೇರೆ ಗೋಡೆಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಚಹಾ ನೀರಾಗಿದೆ, ಚಪ್ಪಲಿ ಕಚ್ಚುತ್ತದೆ, ಅಷ್ಟೆ. ನಾನು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಆ ಸಾಲನ್ನು ಇಳಿಸಿಕೊಂಡೆ. ನಗುವೂ ಬಂತು. ವಿರುಪಾಕ್ಷಪ್ಪನವರಿಗೂ ನಗು ಬಂದು, ಅದಕ್ಕೊಂದು ಚೌಕಟ್ಟು ಹಾಕಿಸಿದರು. ಮರುದಿನ ಊರೆಲ್ಲ ಅದನ್ನು ಗಟ್ಟಿಯಾಗಿ ಓದಿ ನಕ್ಕಿತು. ಅದರ ಮರುದಿನ ಆ ಸಾಲು ಬೆರಳಿನಷ್ಟು ದಪ್ಪವಾಗಿತ್ತು. ಶನಿವಾರದ ಹೊತ್ತಿಗೆ ಅಂಗೈಯಷ್ಟಾಯಿತು. ಹೆಣ್ಣಿನ ತಾಯಿ ಅಳುವ ಹಳೆಯ ಸಾಲು ಈಗ ಅದಕ್ಕೆ ಸಾಕ್ಷಿ ಹೇಳಿದಂತೆ ಕಾಣುತ್ತಿತ್ತು.

ಮದುವೆ ಗೊತ್ತುಮಾಡಿದವರು ಒಬ್ಬೊಬ್ಬರಾಗಿ ಓಣಿಗೆ ಬಂದು ಬ್ಯಾಂಡು ಬೇಡ ಎಂದು ಹೇಳಿ ಹೋದರು. ಎಲ್ಲರೂ ಅಡಿಕೆ ಎಲೆ ಇಟ್ಟು ಮರ್ಯಾದೆಯಿಂದಲೇ ಹೇಳಿದರು. "ನನಗೇನು ನಂಬಿಕಿ ಇಲ್ಲೋ ದುರಗಪ್ಪ. ನೀ ಅಂದ್ರ ನಮಗ ಭಾಳ ಅಭಿಮಾನ. ಆದ್ರ ಬೀಗರು ಓದ್ಯಾರ." ಊರಿನಲ್ಲಿ ಆ ಮಾತನ್ನು ನಂಬಿದವರು ಒಬ್ಬರೂ ಇರಲಿಲ್ಲ. ಎಲ್ಲರ ಬೀಗರು ಮಾತ್ರ ನಂಬಿದ್ದರು.

ದುರಗಪ್ಪ ಮೊದಲು ರಮಾಕಾಂತನ ಹತ್ತಿರ ಹೋದ. ಹದಿನೈದು ನಿವೃತ್ತರು ಒಂದು ವಾರ ಕುಳಿತು 'ದುರಗಪ್ಪ ಬಾರಿಸಿದ ವಿವಾಹಗಳು ನೂರು ವರ್ಷ ಬಾಳುತ್ತವೆ' ಎಂದರು. ವ್ಯಾಕರಣ ನೋಡಿದ ಕೂಡಲೇ ಅದು ಎಲ್ಲಿಯ ಮಾತು ಎಂದು ಊರಿಗೆ ತಿಳಿಯಿತು. ಜನ ಇನ್ನಷ್ಟು ನಕ್ಕರು.

ಆಮೇಲೆ ಅವನು ನಮ್ಮ ಕಚೇರಿಗೆ ಬಂದ. ಕೆಂಪು ಕೋಟು ಹಾಕಿಕೊಂಡೇ ಬಂದಿದ್ದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಅಕ್ಕಾರ, ನೀವು ಬರದೀರಿ" ಎಂದ.

"ನಾ ಬರದಿಲ್ಲ ದುರಗಪ್ಪ. ಗೋಡಿ ಮ್ಯಾಲ ಇದ್ದದ್ದನ್ನ ಇಳಿಸ್ಕೊಂಡೀನಿ, ಅಷ್ಟ."

"ಅಲ್ಲಿ ಅದು ಇರುವಿ ಹಂಗಿತ್ರಿ. ನಾನೂ ನೋಡಿದ್ದೆ. ನಾಕು ದಿನದಾಗ ಹೋಗತೈತಿ ಅಂತ ಸುಮ್ನಿದ್ದೆ. ನೀವು ಬಗ್ಗಿ ಓದಿದ್ರಿ."

ಅವನು ಕೋಟಿನ ಒಳಗಿನಿಂದ ಒಂದು ದಪ್ಪ ಡೈರಿ ತೆಗೆದು ಮೇಜಿನ ಮೇಲೆ ಇಟ್ಟ. "ನಾ ಬಾರಿಸಿದ ಮದುವಿ ಎಲ್ಲಾ ಇದರಾಗ ಅದಾವ್ರಿ. ಗಂಡಿನ ಹೆಸರು, ಹೆಣ್ಣಿನ ಹೆಸರು, ಓಣಿ. ಹೋಗಿ ನೋಡಿ ಬರ್ರಿ. ನಿಂತಾವೋ ಬಿದ್ದಾವೋ ಏನೈತೋ ಅದನ್ನ ಬರೀರಿ. ನಾ ಬ್ಯಾರೆ ಏನೂ ಕೇಳೂದಿಲ್ಲ."

ಇಪ್ಪತ್ತಾರು ವರ್ಷದಲ್ಲಿ ನನಗೆ ಯಾರೂ ಇಷ್ಟು ಸರಳವಾಗಿ ನನ್ನ ಕೆಲಸ ಹೇಳಿಕೊಟ್ಟಿರಲಿಲ್ಲ. ವಿರುಪಾಕ್ಷಪ್ಪನವರನ್ನು ಕೇಳಿದೆ. "ಮಾಡು. ಆದ್ರ ಬೆಳಗಿನ ಗೋಡಿ ತಪ್ಪಬಾರದು" ಎಂದರು.

ಕಳೆದ ಹತ್ತು ವರ್ಷದ ಮದುವೆಗಳನ್ನು ಆರಿಸಿಕೊಂಡೆ. ಊರೊಳಗಿನವು ನೂರಾ ತೊಂಬತ್ತನಾಲ್ಕು. ಇಪ್ಪತ್ತಮೂರು ದಿನ ಮನೆಮನೆ ತಿರುಗಿದೆ. ಬಾಗಿಲು ತೆರೆದವರಿಗೆ "ನಿಮ್ಮ ಮದುವಿ ನಿಂತೈತೇನ್ರಿ?" ಎಂದು ಕೇಳುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ಒಬ್ಬಾಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಬಿಟ್ಟು ಹೋಗಬೇಕಂತ ಹದಿನೆಂಟು ಸಲ ಗಂಟು ಕಟ್ಟೀನಿ. ಹೋಗಿಲ್ಲ. ನಿಂತೈತಿ ಅಂತ ಬರ್ಕೋರಿ" ಎಂದಳು. ಇನ್ನೊಂದು ಮನೆಯಲ್ಲಿ ಗಂಡ ನಿಂತಿದೆ ಎಂದ. ಹೆಂಡತಿ ಒಳಗಿನಿಂದ "ಯೋಚನಿ ಮಾಡಿ ನಾಳೆ ಹೇಳತೀನಿ" ಎಂದಳು. ಮರುದಿನ ಹೋದಾಗ ನಿಂತಿತ್ತು. ಕೊನೆಗೆ ಲೆಕ್ಕ ಹೀಗಾಯಿತು: ನೂರಾ ಎಂಬತ್ತೈದು ಜೋಡಿ ಕೂಡಿ ಇದ್ದವು, ಆರರಲ್ಲಿ ಒಬ್ಬರು ತೀರಿಕೊಂಡಿದ್ದರು, ಮೂರು ಬೇರೆಯಾಗಿದ್ದವು. ಆ ಮೂರರಲ್ಲಿ ಸುವರ್ಣಾಳದೂ ಒಂದು.

ಮಹಾಂತಪ್ಪನವರ ಮನೆಗೆ ನಾನು ಹೋದಾಗ ಅವರು ಅಂಗಡಿಯಲ್ಲಿದ್ದರು. ಸುವರ್ಣಾ ಪಡಸಾಲೆಯಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ನಾನು ಏನು ಕೇಳಲು ಬಂದಿದ್ದೇನೆ ಎಂದು ಹೇಳಿದೆ.

"ಬರೀಬಾರದು, ನೋಡ್ರಿ ಅಕ್ಕಾರ. ಬರೀಲಿಲ್ಲಂದ್ರ ಹೇಳತೀನಿ."

"ಬರೆಯೂದಿಲ್ಲ."

"ಗಂಡನ ಮನ್ಯಾಗ ಮೂರನೇ ದಿನ ಮಧ್ಯಾಹ್ನ ಆತ ಊಟದ ತಾಟಿನ ಮುಂದ ಕೂತು ಅಳಾಕ ಹತ್ತಿದ. ಏನಂತ ಕೇಳಿದೆ. ಬ್ಯಾರೆ ಒಬ್ಬಾಕಿ ಅದಾಳ, ಮನ್ಯಾಗ ಹೇಳಾಕ ಧೈರ್ಯ ಆಗಲಿಲ್ಲ ಅಂದ. ಅಳಬ್ಯಾಡಪ್ಪ, ಊಟ ಮಾಡು, ನಾ ಹೊಕ್ಕೀನಿ ಅಂದೆ. ಆತ ಊಟ ಮುಗಿಸೂದರಾಗ ನನ್ನ ಟ್ರಂಕು ತಯಾರಾಗಿತ್ತು."

"ಮತ್ತ ಈ ಬ್ಯಾಂಡಿನ ಮಾತು?"

"ಅದು ಅಪ್ಪಂದು." ಅವಳು ತಲೆ ಎತ್ತಲಿಲ್ಲ. "ಬಂದವರೆಲ್ಲಾ ಯಾಕ ಬಂದ್ಳು, ಯಾಕ ಬಂದ್ಳು ಅಂತ ಕೇಳೋರು. ಏನರ ಹೇಳಬೇಕಲ್ರಿ. ದುರಗಪ್ಪ ಅವತ್ತ ಅಪಸ್ವರ ಊದಿದ, ಅವಾಗ ನನ್ನ ಎದಿ ಧಸಕ್ ಅಂದಿತ್ತು, ಆತ ಬಾರಿಸಿದ ಮದುವಿ ನಿಲ್ಲೂದಿಲ್ಲ ಅಂತ ಅಪ್ಪ ಒಬ್ಬರ ಮುಂದ ಅಂದ. ಒಂದ ಸಲ ಅಂದದ್ದು. ಪೇಪರಿನಾಗ ನೋಡಿ ಅಪ್ಪನೂ ಗಾಬರಿಯಾದ. ಈಗ ಖರೇ ಹೇಳಿದ್ರ ನಮ್ಮ ಅಂಗಡಿ ಗೋಡಿ ಏನಾಗತೈತಿ? ತಂಗಿ ಒಬ್ಬಾಕಿ ಇನ್ನೂ ಇದ್ದಾಳ."

ಒಂದು ಮನೆಯ ಮರ್ಯಾದೆ ಉಳಿಯಲಿ ಎಂದು ಹನ್ನೊಂದು ಜನರ ಕೆಲಸ ಹೋಗಿತ್ತು. ಅವಳ ಮಾತನ್ನು ಅಚ್ಚುಹಾಕಿದರೆ ಹನ್ನೊಂದು ಜನರ ಕೆಲಸ ಉಳಿದು ಅವಳ ಮರ್ಯಾದೆ ಹೋಗುತ್ತಿತ್ತು. ಕೊಟ್ಟ ಮಾತು ಬೇರೆ ಇತ್ತು. ನಾನು ವರದಿಯಲ್ಲಿ ಲೆಕ್ಕವನ್ನಷ್ಟೇ ಕೊಟ್ಟೆ. ಬೇರೆಯಾದ ಮೂರು ಜೋಡಿಗಳ ಬಗ್ಗೆ 'ಕಾರಣಗಳು ಅವರವರ ಸ್ವಂತದವು, ಬ್ಯಾಂಡಿಗೂ ಅವಕ್ಕೂ ಸಂಬಂಧವಿಲ್ಲ' ಎಂದು ಬರೆದೆ. ಮೇಲೆ '194 ಮನೆ, 185 ಜೋಡಿ' ಎಂದು ಶೀರ್ಷಿಕೆ ಕೊಟ್ಟೆ.

ಬೆಳಿಗ್ಗೆ ಪತ್ರಿಕೆ ತೆರೆದರೆ ಶೀರ್ಷಿಕೆ ಬದಲಾಗಿತ್ತು. 'ದುರಗಪ್ಪ ಬಾರಿಸಿದ ಮದುವೆ ನಿಲ್ಲುವುದಿಲ್ಲ?'

ನಾನು ಸಂಪಾದಕರ ಕೋಣೆಗೆ ಓಡಿದೆ. "ಇದೇನ್ರಿ ಇದು?"

"ಪ್ರಶ್ನಾರ್ಥಕ ಚಿಹ್ನೆ ಐತಲ್ಲ!" ಎಂದರು ವಿರುಪಾಕ್ಷಪ್ಪನವರು. "ನಿನ್ನ ಶೀರ್ಷಿಕಿ ಜನಗಣತಿ ಹಂಗಿತ್ತು. ಯಾರ ಓದತಾರ? ಒಳಗ ಎಲ್ಲಾ ಐತಿ. ಶೀರ್ಷಿಕಿ ನೋಡಿ ಒಳಗ ಬರತಾರ."

ಒಳಗೆ ಯಾರೂ ಬರಲಿಲ್ಲ. ಅಂದು ಊರಿನ ಚಹಾದಂಗಡಿಗಳಲ್ಲೆಲ್ಲ ಶೀರ್ಷಿಕೆಯನ್ನಷ್ಟೇ ಓದಿದರು. ಓದುವಾಗ ಕೊನೆಯ ಚಿಹ್ನೆ ಬಾಯಿಗೆ ಬರುವುದಿಲ್ಲ. ಮರುದಿನ ದುರಗಪ್ಪನ ಗೋಡೆಯ ಅಕ್ಷರಗಳು ಬಾಗಿಲಿನ ಎತ್ತರಕ್ಕೆ ಬೆಳೆದಿದ್ದವು. 'ನಿಲ್ಲೂದಿಲ್ಲ' ಎಂಬುದು ಪಕ್ಕದ ಸೈಕಲ್ ಅಂಗಡಿಯ ಗೋಡೆಯವರೆಗೆ ಹೋಗಿತ್ತು. ನಮ್ಮ ಕಚೇರಿಯ ಗೋಡೆಯ ಮೇಲೂ ಒಂದು ಹೊಸ ಸಾಲು ಇತ್ತು: 'ಪೇಪರಿನವರು ಬ್ಯಾಂಡಿನವನ ಕಡೆ ರೊಕ್ಕ ತಿಂದಾರ.' ಅದನ್ನೂ ಇಳಿಸಿಕೊಂಡು ಬಂದೆ. ವಿರುಪಾಕ್ಷಪ್ಪನವರು ಅಂಕಣದಲ್ಲಿ ಅದಕ್ಕೆ ಮಾತ್ರ ಜಾಗ ಇಲ್ಲ ಎಂದರು.

ಡೋಲಿನವರಿಬ್ಬರು ಗಾರೆ ಕೆಲಸಕ್ಕೆ ಹೋದರು. ಕಹಳೆಯವನು ಬೇರೆ ಊರಿಗೆ ಹೋದ. ದುರಗಪ್ಪ ಆ ಮದುವೆಯ ಹಂಗಾಮಿಗೆಂದು ಹೊಸ ಕೋಟು ಹೊಲಿಸಲು ಮಹಾಂತಪ್ಪನವರ ಅಂಗಡಿಯಲ್ಲೇ ಕೆಂಪು ಬಟ್ಟೆ ಕೊಂಡಿದ್ದ. ಅದನ್ನು ಹಾಗೆಯೇ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಒಂದು ದಿನ ಅಲ್ಲಿಗೆ ಹೋದ. ಇದನ್ನು ನನಗೆ ಆಮೇಲೆ ಹೇಳಿದವಳು ಸುವರ್ಣಾ. ಅಪ್ಪನಿಗೆ ಬುತ್ತಿ ಕೊಡಲು ಅವಳು ಆಗ ಅಂಗಡಿಗೆ ಬಂದಿದ್ದಳು.

"ಕತ್ತರಿ ಹಚ್ಚಿಲ್ರಿ ಯಜಮಾನ್ರ. ವಾಪಸ್ ತಗೊಂಡ್ರ ಉಪಕಾರ ಆಗತೈತಿ" ಎಂದನಂತೆ ದುರಗಪ್ಪ.

ಮಹಾಂತಪ್ಪನವರು ಅವನ ಮುಖ ನೋಡದೆ, "ಮಾರಿದ ಬಟ್ಟಿ ನಾವು ವಾಪಸ್ ತಗೊಳ್ಳೂದಿಲ್ಲಪಾ. ಬೋರ್ಡ್ ಹಾಕೇವಿ ನೋಡು" ಎಂದು ಬೋರ್ಡು ತೋರಿಸಿದರಂತೆ.

ದುರಗಪ್ಪ ಬೋರ್ಡನ್ನು ಪೂರ್ತಿ ಓದಿ, ಹೌದ್ರಿ ಎಂದು ಹೇಳಿ, ಬಟ್ಟೆ ಎತ್ತಿಕೊಂಡು ಹೋದನಂತೆ. ತನ್ನ ಅನ್ನಕ್ಕೆ ಕಲ್ಲು ಹಾಕಿದ ಮಾತು ಆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರ ಬಾಯಿಂದಲೇ ಬಂದದ್ದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಮುಂದಿನ ಸಂತೆಯ ದಿನ ಹನ್ನೊಂದು ಗಂಟೆಗೆ, ಓಣಿ ತುಂಬ ಜನ ಇದ್ದಾಗ, ಸುವರ್ಣಾ ಬಂದು ಬ್ಯಾಂಡ್ ಕಂಪನಿಯ ಕಟ್ಟೆ ಹತ್ತಿ ನಿಂತಳು. ನಾನು ಎದುರಿನ ತರಕಾರಿ ಸಾಲಿನಲ್ಲಿ ಇದ್ದೆ. ಅವಳಿಗೆ ಭಾಷಣ ಬರುತ್ತಿರಲಿಲ್ಲ. ಬದನೆಕಾಯಿಯ ದರ ಕೇಳುವಷ್ಟೇ ಗಟ್ಟಿಯಾಗಿ ಹೇಳಿದಳು.

"ನಾ ಮಹಾಂತಪ್ಪನ ಮಗಳು. ನನ್ನ ಮದುವಿ ಬ್ಯಾಂಡಿನಿಂದ ಮುರದಿಲ್ಲ. ಆತಗ ಬ್ಯಾರೆ ಒಬ್ಬಾಕಿ ಇದ್ಳು, ನಾನ ಬಿಟ್ಟು ಬಂದೆ. ಬ್ಯಾಂಡಿನ ಮಾತು ನಮ್ಮ ಮನ್ಯಾಗಿಂದ ಬಂದದ್ದು. ಅದು ಸುಳ್ಳು."

ದುರಗಪ್ಪ ಒಳಗಿನಿಂದ ಹೊರಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. "ಯವ್ವಾ, ಇಳೀರಿ, ಮನಿಗೆ ಹೋಗ್ರಿ" ಎಂದಷ್ಟೇ ಅಂದ. ಅವಳು ಇಳಿದು, ಜನರ ನಡುವಿನಿಂದ ಹಾದು, ಮನೆಗೆ ಹೋದಳು.

ಮರುದಿನ ಮಹಾಂತಪ್ಪನವರ ಅಂಗಡಿಯ ಗೋಡೆಯಲ್ಲಿ ಬೆರಳಿಡಲು ಜಾಗ ಇರಲಿಲ್ಲ. ಅಲ್ಲಿ ಏನೇನಿತ್ತು ಎಂದು ನಾನು ಈಗಲೂ ಹೇಳುವುದಿಲ್ಲ. ಅವತ್ತು ನೋಟ್‌ಬುಕ್ಕು ಮಡಿಚಿ ಕಚೇರಿಗೆ ಹೋಗಿ, ಆ ಗೋಡೆಯನ್ನು ನಾನು ಇಳಿಸಿಕೊಳ್ಳುವುದಿಲ್ಲ ಎಂದೆ. ವಿರುಪಾಕ್ಷಪ್ಪನವರು ಬಹಳ ವರ್ಷಗಳ ನಂತರ ತಾವೇ ಪೆನ್ನು ಹಿಡಿದು ಬೀದಿಗೆ ಇಳಿದರು. ಮರುದಿನದ ಪತ್ರಿಕೆಯನ್ನು ಎರಡು ಸಲ ಅಚ್ಚುಹಾಕಬೇಕಾಯಿತು. ನಾನು ಕೆಲಸ ಬಿಟ್ಟೆ ಎಂದು ಬರೆದರೆ ಓದುವವರಿಗೆ ಚೆಂದ ಅನ್ನಿಸುತ್ತದೆ. ಬಿಡಲಿಲ್ಲ. ನನ್ನನ್ನು ಮೂರನೆಯ ಪುಟಕ್ಕೆ, ಪುರಸಭೆಯ ನಳದ ನೀರಿನ ಸುದ್ದಿಗೆ ಹಾಕಿದರು. ಅದನ್ನು ಯಾರೂ ಓದುವುದಿಲ್ಲವಾದ್ದರಿಂದ ಅಲ್ಲಿ ನಿಜ ಬರೆಯಲು ಅಡ್ಡಿ ಇಲ್ಲ.

ಮಹಾಂತಪ್ಪನವರು ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ತೆರೆದರು. ಗಂಡನನ್ನು ಬಿಟ್ಟು ಬಂದವಳು ಅಪ್ಪನಿಗೆ ಬುತ್ತಿ ತರುವಾಗ ನೋಡಬೇಕೆಂದು ಸುತ್ತಲ ಹಳ್ಳಿಗಳಿಂದಲೂ ಜನ ಬಂದರು. ಬಂದವರು ಬರಿಗೈಯಲ್ಲಿ ಹೋಗಲಾಗದೆ ಒಂದು ಟವೆಲ್ಲು, ಒಂದು ಕರವಸ್ತ್ರ ಕೊಂಡರು. ಹೆಂಗಸರು ಸ್ವಲ್ಪ ಹೆಚ್ಚು ಹೊತ್ತು ನೋಡಬೇಕೆಂದು ಸೀರೆ ತೆಗೆಸಿದರು. ಯುಗಾದಿಗೂ ಅಷ್ಟು ವ್ಯಾಪಾರ ಆಗಿರಲಿಲ್ಲವಂತೆ. ಮಹಾಂತಪ್ಪನವರು ಮಗಳ ಜೊತೆ ಮಾತು ಬಿಟ್ಟಿದ್ದರು. "ಗಲ್ಲೆ ಮ್ಯಾಲ ಕೂಡ್ರು" ಎಂದು ಹೇಳಲು ಮಾತ್ರ ಬಾಯಿ ತೆರೆದರು. ಅವಳು ಕುಳಿತಳು. ಈಗ ಆ ಅಂಗಡಿ ನಡೆಸುವವಳು ಅವಳೇ. ಕೊಟ್ಟ ಬಟ್ಟೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡನ್ನು ಮೊದಲ ವಾರದಲ್ಲೇ ಇಳಿಸಿದಳು.

ದುರಗಪ್ಪನ ಗೋಡೆ ಒಂಬತ್ತು ದಿನದಲ್ಲಿ ಖಾಲಿಯಾಯಿತು. ಅದು ಸುಳ್ಳು ಎಂದು ಗೊತ್ತಾದ್ದರಿಂದ ಅಲ್ಲ. ಜನರಿಗೆ ಆಡಲು ಅದಕ್ಕಿಂತ ರುಚಿಯಾದದ್ದು ಸಿಕ್ಕಿತ್ತು. ನೂರಾ ತೊಂಬತ್ತನಾಲ್ಕು ಮನೆ ತಿರುಗಿ ನಾನು ಮಾಡಲಾಗದ ಕೆಲಸವನ್ನು ಆ ಹುಡುಗಿ ತನ್ನನ್ನೇ ಒಡ್ಡಿಕೊಂಡು ಮಾಡಿದಳು.

ಎರಡು ತಿಂಗಳ ಮೇಲೆ ದುರಗಪ್ಪನಿಗೆ ಒಂದು ಮದುವೆ ಸಿಕ್ಕಿತು. ನೇಕಾರರ ಓಣಿಯ ಹುಡುಗ ಫಕೀರಪ್ಪ, ಹುಡುಗಿ ರೇಣವ್ವ. ಎಂಟೇ ಜನರ ಬ್ಯಾಂಡು. ನಾನೂ ಹೋಗಿದ್ದೆ. ದುರಗಪ್ಪ ಎಂದಿನ ಹಾಗೆಯೇ ಊದಿದ. ಹೆಣ್ಣಿನ ತಾಯಿ ಎಂದಿನ ಹಾಗೆಯೇ ಅತ್ತಳು. ಅಕ್ಷತೆ ಬಿದ್ದ ಮೇಲೆ ಅವನು ನನ್ನ ಪಕ್ಕಕ್ಕೆ ಬಂದು, ಬೆವರು ಒರೆಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದ.

"ಅಕ್ಕಾರ, ಇವರು ಚಲೋ ಇರತಾರಲ್ರಿ?"

"ಯಾಕಪ್ಪ ಹಂಗ ಕೇಳತಿ?"

"ಏನಿಲ್ರಿ. ಸುಮ್ನ ಕೇಳಿದೆ."

ಸುಮ್ಮನೆ ಕೇಳಿದ್ದಲ್ಲ. ಹದಿನೈದು ದಿನದ ನಂತರ ಪುರಸಭೆಯ ನಳ ನೋಡಲು ನೇಕಾರರ ಓಣಿಗೆ ಹೋದವಳು, ದುರಗಪ್ಪ ಫಕೀರಪ್ಪನ ಮನೆಯ ಹೊರಗೆ ನಿಂತಿರುವುದನ್ನು ನೋಡಿದೆ. ಕೈಯಲ್ಲಿ ಬಾಳೆಹಣ್ಣಿನ ಚೀಲ ಇತ್ತು. ಒಳಗೆ ಗಂಡ ಹೆಂಡತಿ ಜೋರು ದನಿಯಲ್ಲಿ ವಾದ ಮಾಡುತ್ತಿದ್ದರು. ದುರಗಪ್ಪನ ಮುಖ ಬಿಳಚಿಕೊಂಡಿತ್ತು.

"ಮೂರನೇ ಸಲ ಬರಾಕತ್ತೀನ್ರಿ" ಎಂದ ನನಗೆ. "ಮೊದಲ ಎರಡು ಸಲ ನಕ್ಕೋತ ಇದ್ರು. ಇವತ್ತ ನೋಡ್ರಿ."

ಅವನು ಬಾಗಿಲು ಬಡಿದ. ರೇಣವ್ವ ತೆರೆದಳು, ಸೌಟು ಕೈಯಲ್ಲೇ ಇತ್ತು. ದುರಗಪ್ಪ ಬಾಳೆಹಣ್ಣಿನ ಚೀಲವನ್ನು ಮುಂದೆ ಚಾಚಿ ಕೈಮುಗಿಯಲು ಹೋದ. ಚೀಲ ಇದ್ದುದರಿಂದ ಕೈಗಳು ಪೂರ್ತಿ ಕೂಡಲಿಲ್ಲ.

"ಯವ್ವಾ, ನಿನ್ನ ಕಾಲಿಗೆ ಬೀಳತೀನಿ. ಏನಿದ್ರೂ ಹೊಂದ್ಕೊಂಡು ಹೋಗ್ರಿ. ಬಿಟ್ಟು ಗಿಟ್ಟು ಹೋಗಬ್ಯಾಡವ್ವಾ."

"ಎಲ್ಲಿ ಹೋಗೂದು ಕಾಕಾ?" ರೇಣವ್ವನಿಗೆ ಏನೂ ತಿಳಿಯಲಿಲ್ಲ. "ಸಾರಿಗೆ ಉಪ್ಪು ಹೆಚ್ಚಾಗೈತಿ ಅಂತಾನ ಇವ. ನಾ ಇಲ್ಲ ಅಂತೀನಿ. ನೀವು ಒಳಗ ಬರ್ರಿ, ನೀವ ರುಚಿ ನೋಡಿ ಹೇಳ್ರಿ."

ದುರಗಪ್ಪ ಒಳಗೆ ಹೋದ. ನಾನೂ ಹೋದೆ. ಫಕೀರಪ್ಪ ಚಾಪೆ ಹಾಸಿದ. ರೇಣವ್ವ ಅನ್ನದ ಮೇಲೆ ಸಾರು ಬಡಿಸಿದಳು. ದುರಗಪ್ಪ ಒಂದು ತುತ್ತು ಬಾಯಿಗೆ ಇಟ್ಟ. ಗಂಡ ಹೆಂಡತಿ ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ನಾನೂ ಒಂದು ತುತ್ತು ತಿಂದೆ. ಉಪ್ಪು ಬಾಯಿಗೆ ಇಡಲಾಗದಷ್ಟು ಹೆಚ್ಚಾಗಿತ್ತು.

ದುರಗಪ್ಪ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಇವನ ಮುಖ ನೋಡಿದ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ಮಾತೂ ಆಡದೆ, ಅಷ್ಟನ್ನೂ ಉಂಡ.